ಆಗಸ್ಟಿನ ಫೋಟೋ, ನವೆಂಬರಿನ ಜಿಂಕೆ

ಬೇಟೆಗೆ ಮುಂಚೆ ಜಿಂಕೆಗಳ ಓಡಾಟ ತಿಳಿಯಲು ಮರಕ್ಕೆ ಕಟ್ಟಿದ್ದ ಕ್ಯಾಮೆರಾ ತಾನಾಗಿ ತೆಗೆದ ಫೋಟೋದಲ್ಲಿ ಒಂದು ಗಂಡು ಜಿಂಕೆ ಸೋಯಾಬೀನ್ ಹೊಲದ ಅಂಚಿನಲ್ಲಿ ನಿಂತಿತ್ತು. ಎಂಟು ಕವಲಿನ ಕೊಂಬು. ಎಡಗಿವಿಯ ತುದಿ ಹರಿದಿತ್ತು. ಕೆಳಗಿನ ಪಟ್ಟಿಯಲ್ಲಿ ಸೆಪ್ಟೆಂಬರ್ 6, ಸಂಜೆ 6.50 ಅಂತ ಇತ್ತು. ನನಗೆ ಖುಷಿಯೋ ಖುಷಿ. ಇನ್ನೂ ಬೆಳಕಿರುವಾಗಲೇ ಹೊಲಕ್ಕೆ ಬರುತ್ತಿದೆ ಅಂದ್ರೆ ಅಟ್ಟಣೆ ಎಲ್ಲಿ ಕಟ್ಟಬೇಕು ಅನ್ನೋದು ತೀರ್ಮಾನವಾದಂತೆಯೇ ಅಂದುಕೊಂಡೆ. ಹೊಲದ ಯಜಮಾನರಿಗೆ ತೋರಿಸಿದೆ. ಎಪ್ಪತ್ತು ದಾಟಿದ ರೈತ ಅವರು. ಹುಡುಗನಾಗಿದ್ದಾಗಿನಿಂದ ಅದೇ ಗುಡ್ಡದಲ್ಲಿ ಬೇಟೆಯಾಡಿದವರು. ಕನ್ನಡಕ ಹಾಕಿಕೊಂಡು ಫೋಟೋ ದೊಡ್ಡದು ಮಾಡಿ ನೋಡಿದರು. "ಇದು ಸಂಜೆ ಅಲ್ಲ, ಬೆಳಿಗ್ಗೆ" ಅಂದರು.

ನಾನು ಮತ್ತೆ ನೋಡಿದೆ. ಜಿಂಕೆಯ ಕಾಲುಗಳು ಮೊಣಕಾಲಿನ ತನಕ ಒದ್ದೆಯಾಗಿದ್ದವು. ಸೋಯಾ ಎಲೆಗಳ ಮೇಲೆ ಇಬ್ಬನಿ ಹೊಳೆಯುತ್ತಿತ್ತು. ಅದು ಮುಖ ಮಾಡಿದ್ದು ಕಾಡಿನ ಕಡೆಗೆ, ಹೊಲದ ಕಡೆಗಲ್ಲ. ಬ್ಯಾಟರಿ ಹಾಕುವಾಗ ನಾನು ಕ್ಯಾಮೆರಾ ಗಡಿಯಾರದಲ್ಲಿ ಬೆಳಿಗ್ಗೆಗೂ ಸಂಜೆಗೂ ಅದಲುಬದಲು ಮಾಡಿಬಿಟ್ಟಿದ್ದೆ. ಅದೇ ಮೆಮೊರಿ ಕಾರ್ಡಿನಲ್ಲಿ ಮಧ್ಯಾಹ್ನ 1 ಗಂಟೆ ಅಂತ ನಮೂದಾಗಿದ್ದ, ಕತ್ತಲಲ್ಲಿ ಮಾತ್ರ ಬರುವಂಥ ಕಪ್ಪು-ಬಿಳುಪು ಫೋಟೋಗಳೂ ಇದ್ದವು. ಕೊಂಬು ನೋಡುವ ಉತ್ಸಾಹದಲ್ಲಿ ಅವು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ರಾತ್ರಿಯೆಲ್ಲಾ ಮೇದು ಮಲಗಲು ಗುಡ್ಡಕ್ಕೆ ವಾಪಸ್ ಹೋಗುತ್ತಿದ್ದ ಜಿಂಕೆಯನ್ನು ಊಟಕ್ಕೆ ಬರುತ್ತಿರುವ ಜಿಂಕೆ ಅಂತ ಓದಿದ್ದೆ. ಅಟ್ಟಣೆಯನ್ನು ಪೂರ್ತಿ ತಪ್ಪು ಜಾಗದಲ್ಲಿ ಕಟ್ಟುತ್ತಿದ್ದೆವು.

ಇದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ನೈಋತ್ಯ ಮೂಲೆಯ ಮಾತು. ಹಿಮಯುಗದ ಹಿಮನದಿಗಳು ಸವರದೆ ಬಿಟ್ಟ ಗುಡ್ಡಗಾಡು ಅದು. ಮೇಲೆ ಓಕ್ ಕಾಡು, ಕೆಳಗೆ ಮೆಕ್ಕೆಜೋಳ ಮತ್ತು ಸೋಯಾ ಹೊಲ. ಕೋವಿ, ಬಿಲ್ಲು ಯಜಮಾನರದ್ದು. ಕ್ಯಾಮೆರಾ ಕೆಲಸ ನನ್ನದು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ಅದು ಹಾಗೆಯೇ ಇರಬೇಕು ಅನ್ನುವವನು ನಾನು. ಅಮೆರಿಕದ ಕಥೆ ಬೇರೆ. 1900ರ ಹೊತ್ತಿಗೆ ಮಿತಿಯಿಲ್ಲದ ಬೇಟೆಯಿಂದ ಅಲ್ಲಿ ಬಿಳಿಬಾಲದ ಜಿಂಕೆಗಳು ಐದು ಲಕ್ಷಕ್ಕೂ ಕಡಿಮೆಯಾಗಿದ್ದವು ಅಂತ ಅಂದಾಜು. ಕಾನೂನು ಬಿಗಿಯಾಯಿತು. 1937ರಿಂದ ಕೋವಿ, ತೋಟಾ ಮೇಲಿನ ಶೇ. 10-11ರಷ್ಟು ತೆರಿಗೆ ವನ್ಯಜೀವಿ ಕೆಲಸಕ್ಕೆ ಹೋಗತೊಡಗಿತು. ಈಗ ಸುಮಾರು ಮೂರು ಕೋಟಿ ಜಿಂಕೆಗಳಿವೆ. ಅವನ್ನು ತಿನ್ನುವ ತೋಳ, ಪೂಮಾಗಳು ಹೆಚ್ಚಿನ ಕಡೆ ಇಲ್ಲ. ಹಾಗಾಗಿ ಪರವಾನಗಿ, ಲೆಕ್ಕ, ನಿಗದಿತ ದಿನಗಳು ಎಲ್ಲವೂ ಇರುವ ಬೇಟೆ ಅಲ್ಲಿ ಸಂಖ್ಯೆ ಹಿಡಿತದಲ್ಲಿಡುವ ವ್ಯವಸ್ಥೆಯ ಭಾಗ. ವಿಸ್ಕಾನ್ಸಿನ್‌ನಲ್ಲಿ ಬಿಲ್ಲಿನ ಬೇಟೆ ಸೆಪ್ಟೆಂಬರ್ ಮಧ್ಯದಲ್ಲಿ ಶುರುವಾಗುತ್ತದೆ. ಕೋವಿಯ ಬೇಟೆ ನವೆಂಬರ್ ಕೊನೆಯಲ್ಲಿ ಒಂಬತ್ತು ದಿನ.

ಆ ದಿನಗಳಿಗಿಂತ ಮುಂಚೆ, ಜುಲೈನಿಂದಲೇ, ಜಿಂಕೆಗಳ ಓಡಾಟ ತಿಳಿಯಲು ಮರಕ್ಕೆ ಕಟ್ಟುವ ಪೆಟ್ಟಿಗೆಯೇ ಟ್ರೇಲ್ ಕ್ಯಾಮೆರಾ. ನಾವು ಕ್ಯಾಮೆರಾ ಟ್ರ್ಯಾಪ್ ಅಂತೀವಲ್ಲ, ಅದೇ. ಇದರ ಬೇರು ಹಳೆಯದು. ಜಾರ್ಜ್ ಶಿರಾಸ್ ಅನ್ನುವ ಪೆನ್ಸಿಲ್ವೇನಿಯಾದ ವಕೀಲರು 1890ರ ದಶಕದಲ್ಲಿ ಕೋವಿ ಬದಿಗಿಟ್ಟು ಕ್ಯಾಮೆರಾ ಹಿಡಿದರು. ಮಿಷಿಗನ್‌ನ ಕೆರೆ ದಂಡೆಗಳಲ್ಲಿ ತಂತಿ ಕಟ್ಟುತ್ತಿದ್ದರು. ರಾತ್ರಿ ಬಂದ ಜಿಂಕೆ ಅದನ್ನು ಎಳೆದಾಗ ಬೆಳಕು ಮಿಂಚಿ ತನ್ನ ಫೋಟೋ ತಾನೇ ತೆಗೆದುಕೊಳ್ಳುತ್ತಿತ್ತು. 1906ರ ಜುಲೈನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅವರ 74 ಫೋಟೋಗಳನ್ನು ಒಟ್ಟಿಗೆ ಅಚ್ಚು ಹಾಕಿತು.

ಈಗಿನ ಪೆಟ್ಟಿಗೆಯಲ್ಲಿ ತಂತಿ ಇಲ್ಲ, ಶಾಖ ಗುರುತಿಸುವ ಸೆನ್ಸರ್ ಇದೆ. ಅದು ಜಿಂಕೆಯ ಆಕಾರವನ್ನು ನೋಡುವುದಿಲ್ಲ. ಸುತ್ತಲಿನ ಹಿನ್ನೆಲೆಗಿಂತ ಬೇರೆ ಶಾಖದ ಒಂದು ವಸ್ತು ಎದುರಿಗೆ ಅತ್ತಿತ್ತ ಸರಿದರೆ ಗುಂಡಿ ಒತ್ತುತ್ತದೆ, ಅಷ್ಟೇ. ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ತೂಗಿದರೂ ಅದಕ್ಕೆ ಜಿಂಕೆಯೇ. ಮೊದಲ ಸಲ ಹುಲ್ಲು ಕೊಯ್ಯದೆ ಕ್ಯಾಮೆರಾ ಕಟ್ಟಿದವರು ಒಂದೇ ವಾರದಲ್ಲಿ ಸಾವಿರಾರು ಹುಲ್ಲಿನ ಫೋಟೋ ನೋಡಿರುತ್ತಾರೆ. ಅದಕ್ಕೇ ಎದುರಿನ ಹುಲ್ಲು, ಸಣ್ಣ ಟೊಂಗೆಗಳನ್ನು ಕತ್ತರಿಸಬೇಕು. ಕ್ಯಾಮೆರಾ ಉತ್ತರಕ್ಕೆ ಮುಖ ಮಾಡಿರಬೇಕು. ಪೂರ್ವ, ಪಶ್ಚಿಮಕ್ಕೆ ತಿರುಗಿಸಿದರೆ ಜಿಂಕೆಗಳು ಓಡಾಡುವ ಹೊತ್ತಿನಲ್ಲೇ, ಅಂದರೆ ಬೆಳಗಿನ ಜಾವ ಮತ್ತು ಮುಸ್ಸಂಜೆ, ಸೂರ್ಯ ನೇರ ಲೆನ್ಸಿಗೆ ಹೊಡೆಯುತ್ತಾನೆ.

ಎತ್ತರ ಸೊಂಟದ ಮಟ್ಟ ಇದ್ದರೆ ಸಾಕು. ಜಾಡಿಗೆ ಅಡ್ಡಲಾಗಿ ಕಟ್ಟಬೇಡಿ, ಓರೆಯಾಗಿ ಕಟ್ಟಿ. ಅಡ್ಡ ಇಟ್ಟರೆ ಸೆನ್ಸರ್ ಎಚ್ಚೆತ್ತು ಕ್ಲಿಕ್ಕಿಸುವಷ್ಟರಲ್ಲಿ ಜಿಂಕೆ ದಾಟಿ, ಬರೀ ಬಾಲದ ಫೋಟೋ ಸಿಗುತ್ತದೆ. ಓರೆ ಇಟ್ಟರೆ ಅದು ಚೌಕಟ್ಟಿನೊಳಗೆ ಜಾಸ್ತಿ ಹೊತ್ತು ಇರುತ್ತದೆ. ಒಂದು ಸಲಕ್ಕೆ ಮೂರು ಫೋಟೋ ತೆಗೆಯುವಂತೆ ಇಡುವುದು ಒಳ್ಳೆಯದು. ಮುಂದೆ ಹೋಗುವ ಹೆಣ್ಣಿನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಗಂಡು ಬರುತ್ತಿರುವುದು ಎಷ್ಟೋ ಸಲ ಮೂರನೇ ಫೋಟೋದಲ್ಲೇ ಕಾಣುವುದು. ಮತ್ತೆ ಗಡಿಯಾರ. ಅದನ್ನು ಎರಡು ಸಲ ನೋಡಿ.

ರಾತ್ರಿ ಫೋಟೋಗೆ ಕ್ಯಾಮೆರಾ ಅವಗೆಂಪು ಬೆಳಕು ಬಿಡುತ್ತದೆ. ಇದರಲ್ಲಿ ಎರಡು ಬಗೆ. 850 ನ್ಯಾನೋಮೀಟರಿನ ದೀಪ ದೂರದವರೆಗೆ ಬೆಳಗುತ್ತದೆ, ಆದರೆ ಹಚ್ಚಿದಾಗ ಮಸುಕಾದ ಕೆಂಪು ಚುಕ್ಕೆಗಳು ಕಾಣುತ್ತವೆ. 940 ನ್ಯಾನೋಮೀಟರಿನದು ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ, ಆದರೆ ಫೋಟೋ ಸ್ವಲ್ಪ ಮಂಕು. ಜಿಂಕೆಯ ಕಣ್ಣು ಕೆಂಪು ಬಣ್ಣವನ್ನು ನಮ್ಮಷ್ಟು ಚೆನ್ನಾಗಿ ಗುರುತಿಸುವುದಿಲ್ಲ. ಕೋವಿ ಬೇಟೆಗಾರರು ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡರೂ ನಡೆಯುವುದು ಅದಕ್ಕೇ. ಆದರೂ ಕೆಲವು ಜಿಂಕೆಗಳು ಮಸುಕು ಕೆಂಪಿನ ಕಡೆ ತಲೆ ಎತ್ತಿ ನೋಡಿರುವ ಫೋಟೋಗಳು ನನ್ನ ಹತ್ತಿರವೇ ಇವೆ. ಜಾಡಿನ ಪಕ್ಕದಲ್ಲೇ ಕಟ್ಟುವುದಾದರೆ ನಾನು ಎರಡನೇ ಬಗೆಯನ್ನೇ ಬಳಸುತ್ತೇನೆ.

ಯಂತ್ರದ ಮಾತು ಇಷ್ಟು ಸಾಕು. ಕಷ್ಟದ ಭಾಗ ಜಿಂಕೆಯ ವರ್ಷಚಕ್ರವನ್ನು ತಿಳಿಯುವುದು. ಅದು ಗೊತ್ತಿಲ್ಲದಿದ್ದರೆ ಸಾವಿರ ಫೋಟೋ ಇದ್ದರೂ ಪ್ರಯೋಜನ ಇಲ್ಲ.

ಕನ್ನಡದಲ್ಲಿ ದನಕ್ಕೂ ಕೊಂಬು, ಜಿಂಕೆಗೂ ಕೊಂಬು ಅಂತೀವಿ. ನಿಜಕ್ಕೂ ಎರಡೂ ಬೇರೆ. ರಾಣೇಬೆನ್ನೂರಿನ ಕೃಷ್ಣಮೃಗದ ಕೊಂಬು ದನದ ಕೊಂಬಿನಂತೆ, ಸಾಯುವ ತನಕ ಇರುತ್ತದೆ. ನಮ್ಮ ಚುಕ್ಕೆ ಜಿಂಕೆ, ಕಡವೆಯ ಕವಲು ಕೊಂಬು ಉದುರಿ ಮತ್ತೆ ಬೆಳೆಯುತ್ತದೆ. ಬಿಳಿಬಾಲದ ಜಿಂಕೆಯದೂ ಹಾಗೆಯೇ, ಅದೂ ಪ್ರತಿ ವರ್ಷ. ಚಳಿಗಾಲದಲ್ಲಿ ಉದುರುತ್ತದೆ, ವಸಂತದಲ್ಲಿ ಮೊಳೆಯುತ್ತದೆ. ಬೇಸಿಗೆಯಲ್ಲಿ ಮಖಮಲ್ಲಿನಂಥ ಚರ್ಮ ಹೊದ್ದು, ರಕ್ತನಾಳಗಳಿಂದ ತುಂಬಿ, ದಿನಕ್ಕೆ ಹೆಚ್ಚುಕಡಿಮೆ ಕಾಲು ಇಂಚು ಬೆಳೆಯುವುದೂ ಉಂಟು. ಆಗಸ್ಟ್ ಮಧ್ಯಕ್ಕೆ ಆ ವರ್ಷದ ಬೆಳವಣಿಗೆ ಮುಗಿದಂತೆ. ಹಗಲು ಚಿಕ್ಕದಾಗುತ್ತಾ ಬಂದಂತೆ ಗಂಡಿನ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಏರುತ್ತದೆ. ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಆ ಮಖಮಲ್ಲು ಒಣಗಿ, ಗಿಡಕ್ಕೆ ಉಜ್ಜಿ ಉಜ್ಜಿ ಒಂದೆರಡು ದಿನದಲ್ಲೇ ಕಳಚಿಬೀಳುತ್ತದೆ.

ಅಲ್ಲಿಯವರೆಗೆ ಗಂಡುಗಳು ಒಳ್ಳೆಯ ಗೆಳೆಯರು. ಜುಲೈ, ಆಗಸ್ಟ್‌ನಲ್ಲಿ ಮೂರು, ನಾಲ್ಕು, ಐದು ಗಂಡುಗಳು ಒಟ್ಟಿಗೇ ಸೋಯಾ ಹೊಲಕ್ಕೆ ಇಳಿಯುತ್ತವೆ. ಮೆತ್ತಗಿನ ಕೊಂಬು ಪೆಟ್ಟಾದರೆ ನೋಯುತ್ತದೆ, ಹಾಗಾಗಿ ಜಗಳ ಇಲ್ಲ. ಬರುವ ಹೊತ್ತೂ ಹೆಚ್ಚುಕಡಿಮೆ ಒಂದೇ. ಹೊಲದ ಅಂಚಿಗೆ ಕ್ಯಾಮೆರಾ ಕಟ್ಟಿದರೆ ಸುಲಭವಾಗಿ ಚೆಂದದ ಫೋಟೋಗಳು ಸಿಗುತ್ತವೆ. ಎಲ್ಲರೂ ಒಬ್ಬರಿಗೊಬ್ಬರು ಕಳಿಸಿಕೊಳ್ಳುವುದು ಈ ಫೋಟೋಗಳನ್ನೇ. ಆದರೆ ಬೇಟೆಗಾರನ ದಾರಿ ತಪ್ಪಿಸುವುದೂ ಇವೇ. ಮಖಮಲ್ಲು ಕಳಚಿದ ಕೂಡಲೇ ಗುಂಪು ಒಡೆಯುತ್ತದೆ. ಸೋಯಾ ಎಲೆ ಹಳದಿಯಾಗುತ್ತದೆ, ಜಿಂಕೆಗೆ ಅದರ ರುಚಿ ಹೋಗುತ್ತದೆ. ಕಾಡಿನೊಳಗೆ ಓಕ್ ಕಾಯಿ ಉದುರಲು ಶುರುವಾಗುತ್ತದೆ. ಕೆಲವು ಗಂಡುಗಳು ಅದೇ ಗುಡ್ಡದಲ್ಲಿ ಉಳಿಯುತ್ತವೆ, ಕೆಲವು ಒಂದೆರಡು ಮೈಲಿ ಆಚೆ ಹೋಗಿ ಶರತ್ಕಾಲ ಕಳೆಯುತ್ತವೆ. "ಆಗಸ್ಟಿನಲ್ಲಿ ದಿನಾ ಬರ್ತಿತ್ತು, ಈಗ ಮಾಯ" ಅಂತ ಪ್ರತಿ ವರ್ಷವೂ ಯಾರಾದರೂ ಹೇಳುವುದು ಕೇಳಿದ್ದೇನೆ. ಮಾಯವಾಗಿರುವುದಿಲ್ಲ, ಊಟವೂ ಮನೆಯೂ ಬದಲಾಗಿರುತ್ತದೆ.

ಆಗಸ್ಟಿನ ಫೋಟೋ ಯಾವ ಯಾವ ಜಿಂಕೆಗಳು ಇವೆ ಅಂತ ಹೇಳುತ್ತದೆ. ಎಲ್ಲಿ ಸಿಗುತ್ತವೆ ಅಂತ ಹೇಳುವುದಿಲ್ಲ. ಈ ವ್ಯತ್ಯಾಸ ಹಿಡಿದುಕೊಂಡರೆ ಮುಂದಿನ ಕೆಲಸ ತಾನಾಗಿ ಗೊತ್ತಾಗುತ್ತದೆ. ಸೆಪ್ಟೆಂಬರ್‌ನಲ್ಲಿ ಕ್ಯಾಮೆರಾಗಳನ್ನು ಹೊಲದ ಅಂಚಿನಿಂದ ತೆಗೆದು, ಮಲಗುವ ಗುಡ್ಡಕ್ಕೂ ಮೇಯುವ ಜಾಗಕ್ಕೂ ನಡುವಿನ ಜಾಡಿಗೆ ತರಬೇಕು. ಜಾಡು ಹುಡುಕಲು ಹಿಕ್ಕೆ ನೋಡಿ, ಗೊರಸಿನ ಗುರುತು ನೋಡಿ, ಬೇಲಿ ತಂತಿಯಲ್ಲಿ ಸಿಕ್ಕಿಕೊಂಡ ಕೂದಲು ನೋಡಿ. ಅಕ್ಟೋಬರ್ ಬಂದಾಗ ಇನ್ನೊಂದು ಗುರುತು ಸಿಗುತ್ತದೆ. ಗಂಡು ಮುಂಗಾಲಿನಿಂದ ನೆಲ ಕೆರೆದು ಮಣ್ಣು ಬಯಲು ಮಾಡುತ್ತದೆ. ಅದರ ಮೇಲೆ, ಹೆಚ್ಚಾಗಿ ನಮ್ಮ ಎದೆಯ ಎತ್ತರದಲ್ಲಿ, ಒಂದು ಟೊಂಗೆ ಬಾಗಿರುತ್ತದೆ. ಆ ಟೊಂಗೆಯನ್ನು ಕಚ್ಚಿ, ನೆಕ್ಕಿ, ಹಣೆ ಮತ್ತು ಕಣ್ಣಂಚಿನ ಗ್ರಂಥಿ ಉಜ್ಜಿ ತನ್ನ ವಾಸನೆ ಬಿಡುತ್ತದೆ. ಆಮೇಲೆ ಬಂದ ಜಿಂಕೆಗಳು, ಹೆಣ್ಣುಗಳೂ ಸೇರಿ, ಅದನ್ನು ಮೂಸಿ ಯಾರು ಬಂದಿದ್ದರು ಅಂತ ತಿಳಿಯುತ್ತವೆ. ಇಲ್ಲಿ ಫೋಟೋ ಬದಲು ಹತ್ತು ಸೆಕೆಂಡಿನ ವಿಡಿಯೋ ಇಡಿ. ಒಂದು ಗಂಡು ಕಣ್ಣು ಮುಚ್ಚಿ ಟೊಂಗೆಗೆ ಮುಖ ತೀಡುವುದನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ. ಬೇಟೆಗೆ ಈ ಜಾಗ ಅಷ್ಟೇನೂ ಉಪಯೋಗವಿಲ್ಲ, ಯಾಕಂದ್ರೆ ಬರುವುದು ಹೆಚ್ಚಾಗಿ ರಾತ್ರಿ. ಆದರೆ ಸುತ್ತಲಿನ ಗಂಡುಗಳ ಹಾಜರಿ ತೆಗೆದುಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ನವೆಂಬರ್ ಮಧ್ಯಕ್ಕೆ ಬೆದೆಗಾಲ ಜೋರಾಗುತ್ತದೆ. ಆಗ ಗಂಡಿಗೆ ಊಟ, ನಿದ್ದೆ ಎರಡೂ ಬೇಡ. ಎರಡು ತಿಂಗಳು ಜೋಪಾನವಾಗಿ ಬರೆದಿಟ್ಟ ವೇಳಾಪಟ್ಟಿಯನ್ನು ಅದು ಒಂದೇ ದಿನದಲ್ಲಿ ಮುರಿಯುತ್ತದೆ. ಆ ಹೊತ್ತಿಗೆ ಗಂಡನ್ನು ಹುಡುಕುವುದು ಬಿಟ್ಟು ಹೆಣ್ಣುಗಳು ಎಲ್ಲಿ ಮೇಯುತ್ತಿವೆ ಅಂತ ನೋಡಬೇಕು. ಬೇಸಿಗೆಯಲ್ಲಿ ನಾವು ಹಾಗೇ ದಾಟಿಸಿಬಿಟ್ಟ ಹೆಣ್ಣು ಜಿಂಕೆಗಳ ಫೋಟೋಗಳಿಗೆ ಬೆಲೆ ಬರುವುದು ಆಗಲೇ. ಒಂದನ್ನೂ ಅಳಿಸಬೇಡಿ.

ಈಗ ಗುರುತು ಹಿಡಿಯುವ ವಿಷಯ. ಒಂದು ಪರವಾನಗಿಗೆ ಒಂದೇ ಗಂಡು, ಹಾಗಾಗಿ ಯಾವುದನ್ನು ಬಿಡಬೇಕು ಅನ್ನುವುದೇ ದೊಡ್ಡ ತೀರ್ಮಾನ. ಕೊಂಬಿನ ಗಾತ್ರ ನೋಡಿ ವಯಸ್ಸು ಹೇಳಲು ಹೋಗಬೇಡಿ. ಒಳ್ಳೆಯ ಮೇವು ಸಿಕ್ಕಿದ ಎಳೆಯದಕ್ಕೂ ದೊಡ್ಡ ಕೊಂಬು ಬರಬಹುದು. ಮೈ ನೋಡಿ. ಒಂದೂವರೆ ವರ್ಷದ್ದಕ್ಕೆ ಕಾಲು ಉದ್ದ ಅನ್ನಿಸುತ್ತದೆ, ಸೊಂಟ ಸಣ್ಣ, ಕುತ್ತಿಗೆ ತೆಳು. ಕೊಂಬು ಕೈಯಿಂದ ಮುಚ್ಚಿದರೆ ಹೆಣ್ಣು ಜಿಂಕೆಯಂತೆಯೇ ಕಾಣುತ್ತದೆ. ಮೂರೂವರೆಯದು ರೇಸ್ ಕುದುರೆಯಂತೆ, ಎದೆ ತುಂಬಿ ಹೊಟ್ಟೆ ಬಿಗಿದಿರುತ್ತದೆ. ಐದು ದಾಟಿದ್ದರ ಬೆನ್ನು, ಹೊಟ್ಟೆ ಎರಡೂ ಜೋತಿರುತ್ತವೆ, ಬೆದೆಗಾಲದಲ್ಲಿ ಕುತ್ತಿಗೆ ಎದೆಯೊಳಗೇ ಸೇರಿಹೋದಂತಿರುತ್ತದೆ. ಎಡಗಿವಿ ಹರಿದ ನಮ್ಮ ಎಂಟು ಕವಲಿನದ್ದನ್ನು ಯಜಮಾನರು ಎರಡೂವರೆ ವರ್ಷದ್ದು ಅಂದರು. ಅಲ್ಲಿಗೆ ಆ ವರ್ಷ ಅದರ ಮೇಲೆ ಬಾಣ ಬಿಡುವ ಮಾತು ಮುಗಿಯಿತು.

ಕೊಂಬಿನ ಕವಲುಗಳು ಒಂದು ಗಂಡಿನಂತೆ ಇನ್ನೊಂದರದು ಇರುವುದಿಲ್ಲ. ಇದರಿಂದ ಒಂದು ಚೆಂದದ ಲೆಕ್ಕ ಹುಟ್ಟಿದೆ. 1997ರಲ್ಲಿ ಮಿಸಿಸಿಪ್ಪಿಯ ಹ್ಯಾರಿ ಜೇಕಬ್‌ಸನ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನ ಅದು. ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಎರಡು ವಾರದಲ್ಲಿ ಗಂಡುಗಳ 120 ಫೋಟೋ ಬಂದವು. ಕೊಂಬು ಹೋಲಿಸಿ ನೋಡಿದರೆ ಅವು ನಿಜಕ್ಕೂ 12 ಜಿಂಕೆಗಳು. ಅಂದರೆ ಒಂದು ಜಿಂಕೆಗೆ ಸರಾಸರಿ ಹತ್ತು ಫೋಟೋ. ಹೆಣ್ಣುಗಳು ನೋಡಲು ಎಲ್ಲಾ ಒಂದೇ ಥರ, ಬಿಡಿಬಿಡಿಯಾಗಿ ಎಣಿಸಲು ಆಗುವುದಿಲ್ಲ. ಆದರೆ ಅವೂ ಅಷ್ಟೇ ಸಲ ಕ್ಯಾಮೆರಾ ಮುಂದೆ ಬಂದಿರುತ್ತವೆ ಅಂತ ಇಟ್ಟುಕೊಂಡರೆ, ಹೆಣ್ಣಿನ 200 ಫೋಟೋ ಅಂದರೆ ಸುಮಾರು 20 ಹೆಣ್ಣು. ಆ ಊಹೆ ಎಷ್ಟು ಸರಿಯೋ ಲೆಕ್ಕವೂ ಅಷ್ಟೇ ಸರಿ. ಆದರೂ ಗಂಡು-ಹೆಣ್ಣಿನ ಅನುಪಾತ ತಿಳಿಯಲು ಒಬ್ಬ ರೈತನ ಕೈಗೆಟುಕುವ ದಾರಿ ಇದು.

ಇದೇ ತರ್ಕ ನಮ್ಮ ಊರಿಗೂ ಬಂದಿದೆ. ಕೊಂಬಿನ ಬದಲು ಪಟ್ಟೆ, ಅಷ್ಟೇ ವ್ಯತ್ಯಾಸ. ಎರಡು ಹುಲಿಗಳ ಪಟ್ಟೆ ಒಂದೇ ಥರ ಇರುವುದಿಲ್ಲ ಅನ್ನುವುದನ್ನು ಹಿಡಿದುಕೊಂಡು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಕ್ಯಾಮೆರಾ ಕಟ್ಟಿ, ಮತ್ತೆ ಮತ್ತೆ ಸಿಕ್ಕ ಹುಲಿಗಳ ಪ್ರಮಾಣದಿಂದ ಒಟ್ಟು ಹುಲಿಗಳನ್ನು ಅಂದಾಜು ಮಾಡಿದರು. ಹೆಜ್ಜೆ ಅಚ್ಚು ನೋಡಿ ಎಣಿಸುವ ಹಳೆಯ ಪದ್ಧತಿಗಿಂತ ಇದು ನಂಬಲರ್ಹ ಅಂತ ದೇಶ ಒಪ್ಪಲು ಹೆಚ್ಚೂಕಮ್ಮಿ ಹತ್ತು ವರ್ಷ ಹಿಡಿಯಿತು. 2018ರ ಹುಲಿ ಗಣತಿಯಲ್ಲಿ ದೇಶದ 26,838 ಜಾಗಗಳಲ್ಲಿ ಕ್ಯಾಮೆರಾ ಇಟ್ಟಿದ್ದರು. ನಾಗರಹೊಳೆಯ ಕಾಡಿನಲ್ಲೂ ವಿಸ್ಕಾನ್ಸಿನ್‌ನ ಈ ಹೊಲದಲ್ಲೂ ಒಂದೇ ಬಗೆಯ ಲೆಕ್ಕ ನಡೆದಿದೆ ಅಂತ ನೆನೆದಾಗ ನನಗೆ ನಿಜವಾಗಿಯೂ ಸಂತೋಷವಾಗುತ್ತದೆ.

ಕಾರ್ಡ್ ತರಲು ಎಷ್ಟು ಸಲ ಹೋಗಬೇಕು? ಮನಸ್ಸು ದಿನಾ ಹೋಗು ಅನ್ನುತ್ತದೆ. ಹೋಗಬೇಡಿ. ಜಿಂಕೆಗೆ ಕಣ್ಣಿಗಿಂತ ಮೂಗೇ ಮುಖ್ಯ. ನೀವು ಮುಟ್ಟಿದ ಎಲೆ, ತುಳಿದ ಹುಲ್ಲು, ಎಲ್ಲದರಲ್ಲೂ ನಿಮ್ಮ ವಾಸನೆ ಗಂಟೆಗಟ್ಟಲೆ ಉಳಿಯುತ್ತದೆ. ಎಳೆಯವು ಸಹಿಸಿಕೊಳ್ಳುತ್ತವೆ. ವಯಸ್ಸಾದ ಗಂಡು ಎರಡು ಸಲ ಮೂಸಿದರೆ ಹಗಲು ಹೊತ್ತು ಆ ದಾರಿ ಬಿಡುತ್ತದೆ. ನಾವು ಎರಡು ಮೂರು ವಾರಕ್ಕೊಮ್ಮೆ, ನಡುಮಧ್ಯಾಹ್ನ, ರಬ್ಬರ್ ಬೂಟು ಹಾಕಿಕೊಂಡು ಹೋಗುತ್ತೇವೆ. ಮಳೆಗೆ ಸ್ವಲ್ಪ ಮುಂಚೆಯಾದರೆ ಇನ್ನೂ ಒಳ್ಳೆಯದು, ನಮ್ಮ ವಾಸನೆ ತೊಳೆದುಹೋಗುತ್ತದೆ. ಗಾಳಿಯ ದಿಕ್ಕು ನೋಡಿ ಹೊರಡುತ್ತೇವೆ. ಗುಡ್ಡದಲ್ಲಿ ಇನ್ನೊಂದು ಸಂಗತಿ ನೆನಪಿಡಬೇಕು. ಬಿಸಿಲೇರಿದಂತೆ ಗಾಳಿ ಇಳಿಜಾರಿನಲ್ಲಿ ಮೇಲಕ್ಕೆ ಏರುತ್ತದೆ, ಸಂಜೆ ತಣ್ಣಗಾದಂತೆ ಕೆಳಕ್ಕೆ ಜಾರುತ್ತದೆ. ಮಲಗಿರುವ ಜಿಂಕೆ ಮೇಲಿದ್ದರೆ, ನಡುಮಧ್ಯಾಹ್ನ ಕೆಳಗಿನಿಂದ ಹೋದವನ ವಾಸನೆ ಅದಕ್ಕೆ ಮುಟ್ಟುತ್ತದೆ. ಹಾಗಾಗಿ ಆ ಗುಡ್ಡದ ಬುಡದಲ್ಲಿ ನಾವು ಕ್ಯಾಮೆರಾ ಕಟ್ಟುವುದೇ ಇಲ್ಲ. ಇನ್ನು ರಕ್ತ ಹೀರುವ ಉಣ್ಣೆ ಹುಳದ ಬಗ್ಗೆ ಒಂದು ಮಾತು. ಮಂಗನ ಕಾಯಿಲೆ ಕಂಡ ಮಲೆನಾಡಿನವನಿಗೆ ಉಣ್ಣೆ ಹೊಸದಲ್ಲ. ಅಲ್ಲಿಯ ಉಣ್ಣೆ ಲೈಮ್ ಕಾಯಿಲೆ ತರುತ್ತದೆ, ಎಳ್ಳಿನಷ್ಟು ಸಣ್ಣದು. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ. ಮನೆಗೆ ಬಂದ ತಕ್ಷಣ ಮೈಯೆಲ್ಲಾ ನೋಡಿಕೊಳ್ಳಿ.

ಈಗ ಫೋನಿಗೆ ನೇರ ಫೋಟೋ ಕಳಿಸುವ ಕ್ಯಾಮೆರಾಗಳು ಬಂದಿವೆ. ಕಾಡಿಗೆ ಹೋಗುವುದು ತಪ್ಪುತ್ತದೆ, ಜಿಂಕೆಗೆ ತೊಂದರೆ ಕಡಿಮೆ, ಇದು ಒಳ್ಳೆಯದೇ. ಆದರೆ ಜಿಂಕೆ ಜಾಡಿನಲ್ಲಿ ನಿಂತಿರುವಾಗಲೇ ಫೋಟೋ ನೋಡಿ ಹೊರಟು ಹೊಡೆಯುವುದು ನ್ಯಾಯವೇ ಅನ್ನುವ ಪ್ರಶ್ನೆ ಅಮೆರಿಕದ ಬೇಟೆಗಾರರ ನಡುವೆಯೇ ಎದ್ದಿದೆ. ಅರಿಜೋನಾ 2022ರ ಜನವರಿಯಿಂದ ಬೇಟೆಗಾಗಿ ಟ್ರೇಲ್ ಕ್ಯಾಮೆರಾ ಬಳಸುವುದನ್ನೇ ನಿಷೇಧಿಸಿತು. ಅಲ್ಲಿ ನೀರಿನ ಹೊಂಡಗಳು ಕಡಿಮೆ, ಒಂದೊಂದು ಹೊಂಡಕ್ಕೂ ಹಲವಾರು ಕ್ಯಾಮೆರಾ, ಅವುಗಳ ಕಾರ್ಡ್ ನೋಡಲು ಓಡಾಡುವ ಜನ. ನೀರಿಗೆ ಬರುವ ಪ್ರಾಣಿಗೆ ನೆಮ್ಮದಿಯೇ ಇರಲಿಲ್ಲ. ಯೂಟಾ, ನೆವಾಡಾಗಳೂ ಬೇಟೆಯ ತಿಂಗಳುಗಳಿಗೆ ನಿರ್ಬಂಧ ತಂದಿವೆ. ಈ ನಿಯಮಗಳು ಸರಿ ಅಂತಲೇ ನನಗೆ ಅನ್ನಿಸುತ್ತದೆ. ಕ್ಯಾಮೆರಾ ಮುಂದೆ ಮೆಕ್ಕೆಜೋಳ ಸುರಿದು ಜಿಂಕೆ ಕರೆಯುವುದೂ ತಪ್ಪು. 1967ರಲ್ಲಿ ಕೊಲೊರಾಡೋದಲ್ಲಿ ಮೊದಲು ಗಮನಕ್ಕೆ ಬಂದ, ಜಿಂಕೆಯ ಮಿದುಳನ್ನು ಹಾಳುಮಾಡಿ ಸೊರಗಿಸಿ ಕೊಲ್ಲುವ ಕಾಯಿಲೆಯೊಂದು 2002ರಲ್ಲಿ ವಿಸ್ಕಾನ್ಸಿನ್‌ನಲ್ಲೂ ಕಂಡಿತು. ಔಷಧ ಇಲ್ಲ, ಲಸಿಕೆ ಇಲ್ಲ. ಜೊಲ್ಲಿನಿಂದಲೂ ಹರಡುತ್ತದೆ. ಹತ್ತು ಜಿಂಕೆ ಒಂದೇ ರಾಶಿಗೆ ಬಾಯಿ ಹಾಕುವಂತೆ ಮಾಡುವುದು ಅದಕ್ಕೆ ದಾರಿ ಮಾಡಿಕೊಟ್ಟಂತೆ. ಕಾಯಿಲೆ ಇರುವ ಕೌಂಟಿಗಳಲ್ಲಿ ಅದು ನಿಷಿದ್ಧ. ನಿಷಿದ್ಧ ಇಲ್ಲದ ಕಡೆಯೂ ಮಾಡಬಾರದು.

ಬೇಟೆ ಮುಗಿದ ಮೇಲೆ ಹೆಚ್ಚಿನವರು ಕ್ಯಾಮೆರಾ ಬಿಚ್ಚಿ ಮನೆಗೆ ತರುತ್ತಾರೆ. ನಾವು ಎರಡನ್ನು ಅಲ್ಲೇ ಬಿಡುತ್ತೇವೆ, ಯಾವುವು ಉಳಿದವು ಅಂತ ತಿಳಿಯುವುದು ಆಗಲೇ. ಡಿಸೆಂಬರ್ 29ರ ಹಿಮದಲ್ಲಿ ಎಡಗಿವಿ ಹರಿದದ್ದು ಕಾಣಿಸಿತು, ಸೊರಗಿದ್ದರೂ ಗಟ್ಟಿಯಾಗಿತ್ತು. ಜನವರಿ ಕೊನೆಯ ಫೋಟೋದಲ್ಲಿ ಒಂದೇ ಕೊಂಬು. ಫೆಬ್ರವರಿಯಲ್ಲಿ ಎರಡೂ ಇಲ್ಲ. ಆ ಕಿವಿ ಇಲ್ಲದಿದ್ದರೆ ಹೆಣ್ಣು ಅಂದುಕೊಂಡು ಬಿಟ್ಟುಬಿಡುತ್ತಿದ್ದೆ. ಮಾರ್ಚ್‌ನಲ್ಲಿ ಹಿಮ ಕರಗಿದ ಮೇಲೆ ಯಜಮಾನರೂ ನಾನೂ ಗುಡ್ಡ ಹತ್ತಿದೆವು. ಅದರ ಬಲಗೊಂಬು ಸಿಕ್ಕಿತು, ನಾಲ್ಕು ಕವಲು, ಒಂದರ ತುದಿಯನ್ನು ಇಲಿ ಕಡಿದಿತ್ತು. ಬಿದ್ದಿದ್ದು ದಕ್ಷಿಣದ ಇಳಿಜಾರಿನ ಸೀಡರ್ ಪೊದೆಯಲ್ಲಿ, ಒಣಗಿದ ಹುಲ್ಲು ಜಿಂಕೆ ಮಲಗಿ ಮಲಗಿ ಚಪ್ಪಟೆಯಾದ ಜಾಗದಲ್ಲಿ. ನಮ್ಮ ಹತ್ತಿರದ ಕ್ಯಾಮೆರಾದಿಂದ ನಾನು ಹೆಜ್ಜೆ ಎಣಿಸಿದೆ, ಇನ್ನೂರ ಹತ್ತು. ಸೆಪ್ಟೆಂಬರ್‌ನಿಂದ ಡಿಸೆಂಬರ್ ಕೊನೆಯ ತನಕ ಆ ಕ್ಯಾಮೆರಾದಲ್ಲಿ ಅದರ ಒಂದು ಫೋಟೋವೂ ಇರಲಿಲ್ಲ.